ಅಳಿವೆಯ ಏಕವಚನ

ತದಡಿಯ ಅಳಿವೆಯಲ್ಲಿ ಹೊಯ್ಗೆ ದಿಬ್ಬ
ಪ್ರತಿ ಮಳೆಗಾಲ ಜಾಗ ಬದಲಿಸುತ್ತದೆ.
ಅಣ್ಣ ಜಟ್ಟಪ್ಪ ನಲವತ್ತು ವರ್ಷದ ತಾಂಡೇಲ;
ಆದರೂ ದೋಣಿಯ ಮೂತಿಗೆ ಮೊಮ್ಮಗನನ್ನು ಕೂರಿಸುತ್ತಾನೆ.
ಚುಕ್ಕಾಣಿಯ ಬಳಿ ನಿಂತವನಿಗೆ
ಬಲೆಯ ರಾಶಿ ಅಡ್ಡ, ಬಿಸಿಲು ಅಡ್ಡ,
ನಲವತ್ತು ವರ್ಷವೂ ಅಡ್ಡ.

ನಿವೃತ್ತಿಯಾದ ಮೊದಲ ಭಾನುವಾರ
ನಾನೂ ಹೋಗಿದ್ದೆ. ಹಿಂದಿರುಗುವಾಗ
ಬಂಗಡೆ ಕ್ರೇಟಿನ ಮೇಲೆ ಚೀಲ ಹಾಸಿ ಕೂತಿದ್ದೆ.
ನೀರು ಬಣ್ಣ ಬದಲಿಸುವ ಕಡೆ
ಹತ್ತನೇ ಕ್ಲಾಸಿನ ಮೋಹಿತ ಎದ್ದು ನಿಂತ:
“ಏ ಮುದ್ಕಾ, ತಿರ್ಗ್ಸೋ! ಬಲಕ್ಕೆ ತಿರ್ಗ್ಸೋ!”
ಅಣ್ಣ ಅವನ ಮುಖ ಕೂಡ ನೋಡಲಿಲ್ಲ. ತಿರುಗಿಸಿದ.
ದಿಬ್ಬ ಪಕ್ಕದಲ್ಲೇ ಹಾದುಹೋಯಿತು,
ಕೆರೆಯಲ್ಲಿ ಮಲಗಿದ ಎಮ್ಮೆಯ ಬೆನ್ನಿನ ಹಾಗೆ.
ನನಗೆ ಮಾತ್ರ ‘ಮುದ್ಕಾ’ ಕಿವಿಯಲ್ಲೇ ಉಳಿಯಿತು.

ಇಪ್ಪತ್ತಾರು ವರ್ಷ ನಾನು ಮಾಡಿದ್ದು ಕೇಳುವ ಕೆಲಸ.
ಬಿದ್ದ ವಿಮಾನದ ಪೆಟ್ಟಿಗೆಯಿಂದ ತೆಗೆದ ದನಿಯನ್ನು
ಕಿವಿಗೆ ಹಾಕಿಕೊಂಡು ಕಾಗದಕ್ಕೆ ಇಳಿಸುವುದು.
ಆ ಒಂದು ಟೇಪು ಮೂವತ್ತು ನಿಮಿಷದ್ದು.
ವೈಪರಿನ ಸದ್ದು. ಬಿಸ್ಕತ್ತಿನ ಪೊಟ್ಟಣದ ಸರಸರ.
ಕ್ಯಾಪ್ಟನ್ ಹೊಸ ಮನೆಯ ಟೈಲ್ಸಿನ ಬಗ್ಗೆ ಹೇಳುತ್ತಿದ್ದ,
ಪಕ್ಕದವನು ಹೂಂ ಹೂಂ ಎನ್ನುತ್ತಿದ್ದ.
ಇಂಗ್ಲಿಷ್ ಹಾಳೆಯ ಅಂಚಿನಲ್ಲಿ ನನ್ನ ಗುರುತಿಗೆ
ಕನ್ನಡದಲ್ಲಿ ಬರೆದುಕೊಂಡೆ:
ಎಡಗಡೆ ಕೂತ ಹಿರಿಯ, ‘ಎಡ’.
ಬಲಗಡೆ ಕೂತ ಕಿರಿಯ, ‘ಬಲ’.
ಆ ಹೆಸರಿನ ಕುಚೋದ್ಯ ಹೊಳೆದದ್ದು ಆಮೇಲೆ.

ಬಲ: ಸರ್, ಸ್ವಲ್ಪ ಎತ್ತರ ಇದೀವೇನೋ.
ಎಡ: ನೋಡ್ತಿದೀನಿ.
ಬಲ: ಮಳೆ ಜೋರಾದ ಹಾಗಿದೆ ಸರ್. ರನ್‌ವೇ ಒದ್ದೆ ಅಂದ್ರು.
ಎಡ: ಹೂಂ.
ಬಲ: ಬೇಕಿದ್ರೆ ಇನ್ನೊಂದು ಸುತ್ತು...
ಏಳು ಸೆಕೆಂಡು. ಅಸ್ಪಷ್ಟ.

ಅವರು ಆಡಿದ್ದು ಕನ್ನಡವಲ್ಲ.
ಆದರೆ ಆ ‘ಏನೋ’ ನಮ್ಮ ಮನೆಯದೇ,
‘ಬೇಕಿದ್ರೆ’ ನಾನು ಶಾಲೆಯಲ್ಲಿ ಕಲಿತದ್ದು,
ಹೆಡ್ ಮಾಸ್ತರರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಾಗ.
ಅವನಿಗೆ ಕಂಡಿತ್ತು.
ಕಂಡದ್ದಕ್ಕೆ ಸೀರೆ ಉಡಿಸಿ, ಸೆರಗು ಹೊದಿಸಿ,
ತಲೆ ತಗ್ಗಿಸಿ ನಡೆ ಎಂದು ಒಳಗೆ ಕಳಿಸಿದ.
ಬಂದದ್ದು ಅಪಾಯವೆಂದು ಎಡದವನಿಗೆ ಗುರುತೇ ಸಿಗಲಿಲ್ಲ.
ಚಕ್ರ ನೆಲ ಮುಟ್ಟುವಾಗ
ಅರ್ಧ ರನ್‌ವೇ ಹಿಂದೆ ಹೋಗಿತ್ತು,
ಮುಂದಿನ ಅರ್ಧದಲ್ಲಿ ನೀರು ನಿಂತಿತ್ತು.
ಹೆಸರುಗಳ ಪಟ್ಟಿ ಬೇರೆ ವಿಭಾಗದಲ್ಲಿ ಟೈಪಾಯಿತು.

ಆ ಏಳು ಸೆಕೆಂಡಿನ ತಳದಲ್ಲಿ, ವೈಪರಿನ ಅಡಿಯಲ್ಲಿ
ಒಂದು ಪದ ಇತ್ತು. ತೆಳ್ಳಗೆ.
ಹಿಂದೆ ತಿರುಗಿಸಿ, ಹಿಂದೆ ತಿರುಗಿಸಿ, ಅರವತ್ತು ಸಲ ಕೇಳಿದೆ.
ಸಮಿತಿಯ ಅಧ್ಯಕ್ಷರು ಹೆಡ್‌ಫೋನು ಒಮ್ಮೆ ಹಾಕಿ ತೆಗೆದರು,
ಗಡಿಯಾರ ನೋಡಿಕೊಂಡರು.
“‘ಬೇಡ’ ಅಂದ ಹಾಗೆ ಕೇಳುತ್ತೇನೋ ಸರ್,” ಎಂದೆ.
“ಅಸ್ಪಷ್ಟ ಅಂತ ಹಾಕಮ್ಮ.”
“ಆಯ್ತು ಸರ್.”
ಹಾಕಿದೆ.

ಜೆಟ್ಟಿಗೆ ದೋಣಿ ಕಟ್ಟಿದ್ದೇ ತಡ
ಮೋಹಿತನಿಗೆ ಬಹುವಚನ ಮರಳಿ ಬಂತು:
“ಅಜ್ಜಾ, ಚಾ ಕುಡೀತ್ರಾ?”
ಅಣ್ಣನನ್ನು ಕೇಳಿದೆ, ಸಿಟ್ಟು ಬರಲಿಲ್ಲವಾ ನಿನಗೆ?
ಅವನಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ.
ಉಗುರಿನ ಸಂದಿಯ ಮೀನುಪೊರೆ ಕೆರೆಯುತ್ತ ಹೇಳಿದ,
“ಎಂತಕ್ಕೆ ಸಿಟ್ಟು? ಹೊಯ್ಗೆ ಇತ್ತಲ್ಲ.”

ಸಂಜೆ ಜೆಟ್ಟಿಯ ತುದಿಗೆ ಹೋಗಿ ನಿಂತೆ.
ಆಚೆ ದಡದ ಅಘನಾಶಿನಿಯಲ್ಲಿ ಒಂದೊಂದೇ ದೀಪ.
ಹೇಳಿ ನೋಡಿದೆ. ಸರ್ ಇಲ್ಲದೆ, ಏನೋ ಇಲ್ಲದೆ,
ಗಂಟಲು ಸರಿಮಾಡಿಕೊಳ್ಳದೆ:
ಬೇಡ.

ಒಣಮೀನು ಒಟ್ಟುತ್ತಿದ್ದವಳು ಥಟ್ಟನೆ ತಲೆಯೆತ್ತಿದಳು.
“ಎಂತ ಬ್ಯಾಡ, ಅಕ್ಕಾ?”