ಅಡ್ಡ ಸರದಾಕಿ

ಎರಡು ವರ್ಷ ಮೂರು ತಿಂಗಳಿಗೆ
ನನ್ನ ಕೈಯಾಗಿನ ಸೋಲ್ಡರಿಂಗ್ ಕಡ್ಡಿ ಇಸಕೊಂಡು
ಉಪಾಧ್ಯೆ ಸರ್ ಒಂದು ನೋಟಬುಕ್ಕ ಕೊಟ್ರು.
‘ನಾಳಿಂದ ನೀ ಪ್ರಾಡಕ್ಟ್ ಮ್ಯಾನೇಜರ್.’
ಉದ್ಯಮಬಾಗದ ಆ ಶೆಡ್ಡಿನಾಗ ನಾವಿರೋದ ಹನ್ನೊಂದು ಮಂದಿ.
ಮ್ಯಾನೇಜ್ ಮಾಡಾಕ ನನಗ ಯಾರೂ ಇರಲಿಲ್ಲ,
ಇದ್ದದ್ದು ಒಂದು ಮಷೀನು,
ಒಣದ್ರಾಕ್ಷಿ ಆರಸೂದು.

ಲೇಥಿನ ತವನಪ್ಪ ಕಾಕಾ ಕೈ ಒರಸಿಕೋತ ಕೇಳಿದ:
‘ಹಂಗಾರ ಇನ್ನ ನೀ ಏನ ಮಾಡಾಕಿ, ತಂಗಿ?’
ಏನ ಮಾಡಬೇಕು ಅನ್ನೋದನ್ನ ಹೇಳಾಕಿ, ಅಂದೆ.
‘ಮತ್ತ ಇಷ್ಟು ದಿನಾ ಯಾರ ಹೇಳತಿದ್ರು?’

ಯಾರೂ ಹೇಳತಿದ್ದಿಲ್ಲ, ಕಾಕಾ.
ಸುಮ್ಮ ಮಾಡತಿದ್ವಿ.

ಶಹಾಪುರದ ಮನ್ಯಾಗ ಅವ್ವ: ‘ಪಗಾರ ಹೆಚ್ಚಾತೇನು?’
ಇಲ್ಲ.
‘ಮ್ಯಾಲ ಏರಿದಿ ಹೌದಲ್ಲೋ?’
ಮ್ಯಾಲ ಅಲ್ಲಬೇ. ಅಡ್ಡ ಸರದೇನಿ.
ಅಕಿ ಬ್ಯಾಳಿ ಒಗ್ಗರಣಿಗೆ ಇಂಗು ಹಾಕಿ
ಏನೂ ಅನಲಿಲ್ಲ.

ಆ ಮಷೀನಿನ ತಲಿಯೊಳಗಿಂದೆಲ್ಲಾ ನಾನಾ ಬರದದ್ದು.
ಹಸಿರು ಯಾವುದು, ಹಳದಿ ಯಾವುದು, ಸುಟ್ಟ ಕಪ್ಪು ಯಾವುದು,
ಯಾವ ಕ್ಷಣಕ್ಕ ಗಾಳಿ ಊದಿ ಕೆಟ್ಟ ಕಾಳು ಹಾರಿಸಬೇಕು.
ಪರದೆ ಮ್ಯಾಲ ಹದಿನಾಕು ಆಯ್ಕೆ.
ಹದಿನಾಕನೇದಕ್ಕ ದೀಪಾವಳಿ ರಜಾ ಬಿಟ್ಟಿದ್ದೆ.

ಮಾರ್ಚಿನಾಗ ವಿಜಾಪುರದ ಬಸ್ಸು, ಅಲ್ಲಿಂದ ತಿಕೋಟಾ.
ಹಸಿರು ಬಲಿ ಹೊದ್ದ ಶೆಡ್ಡು,
ಮೂಗಿಗೆ ಹತ್ತಿದ್ದು ಬಿಡದಂಥ ಗಂಧಕದ ಘಾಟು.
ಹಲೀಮಾಬಿ ನನ್ನ ಪರದೆಗೆ
ಹಳೇ ದುಪಟ್ಟಾದ ತುಂಡು ಕಟ್ಟಿದ್ಲು.
‘ಬೆಳಕು ಕಣ್ಣಿಗೆ ಹೊಡೀತದವ್ವಾ.’
ಹದಿನಾಕೂ ಆ ಅರಬಿ ಹಿಂದ ಮಿಣಕತಿದ್ವು.

ಬಾಜೂಕ ಒಂದು ಬಟನ್ನಿಗೆ ಅಷ್ಟ
ಮಗಳ ನೇಲ್‌ಪಾಲಿಶ್, ಕೆಂಪಂದು.
‘ಇದೊಂದ ಒತ್ತತೀವಿ ನಾವು.’
ಅದು ನಿಂದರಸೂ ಬಟನ್ನು.

ಮಣೂಕ ಅಂಟಂಟಾಗಿ ಗಂಟ ಬೀಳತಾವಂತ.
ನಿಂದರಿಸಿ, ಕೈಲೆ ಬಿಡಿಸಿ, ಮತ್ತ ಬಿಡತಾರಂತ.
ಬಣ್ಣದ ಲೆಕ್ಕದಾಗ ಎರಡು ವರ್ಷ ಮುಳುಗಿದಾಕಿ
ಗಂಟ ಅನ್ನೋ ಶಬ್ದ ಇವತ್ತ ಕೇಳಿದೆ.

ಬೆರಳು ತುರಿಸಿದ್ವು. ಲ್ಯಾಪ್‌ಟಾಪ್ ಚೀಲದಾಗಿತ್ತು,
ವೇಗ ಒಂದೀಟು ಇಳಸಿದ್ರ, ಹತ್ತು ಸಾಲು,
ಹತ್ತು ನಿಮಿಷ.
ತಗೀಲಿಲ್ಲ. ತಗಡಿನ ಡಬ್ಬಿ ಮ್ಯಾಲ ಕುಂತು
ಕೆಂಪು ಬಟನ್ ಒತ್ತಿದಾಗೆಲ್ಲ ಒಂದು ಗೀಟು ಹಾಕಿದೆ.
ಊಟದ ತನಕಾ ಇಪ್ಪತ್ತಾರು.
ಇಡೀ ದಿನದಾಗ ನಾ ಮಾಡಿದ ಕೆಲಸ ಅಂದ್ರ ಅಷ್ಟ:
ಗೀಟು.

ರೊಟ್ಟಿ ಮುರದು ಶೇಂಗಾ ಹಿಂಡಿ ಹಚ್ಚಿ ಕೊಟ್ಟಳು.
ಅವಾಗ, ನನ್ನ ನೋಡಲಾರದ, ಕಾಳು ನೋಡಿಕೋತ:
‘ಈ ಗಂಟ ನೀ ಬಿಡಿಸಿದ್ರ
ನಮ್ಮ ಆರು ಮಂದ್ಯಾಗ ಎಷ್ಟು ಮಂದಿ ಬ್ಯಾಡ ಆಗ್ತೀವಿ?’

ನೋಟಬುಕ್ಕಿನಾಗ ಅಗದೀ ಚೊಲೋ ಕಾಲಮ್ ಹೊಡದಿದ್ದೆ:
ತೊಂದರಿ, ಎಷ್ಟು ಸಲ, ಯಾರಿಗೆ, ಎಷ್ಟು ರೊಕ್ಕ.
ಆ ಮಾತು ಯಾವುದರಾಗೂ ಹಿಡೀಲಿಲ್ಲ.
ಅಂಚಿನಾಗ ಬರದೆ, ಸಣ್ಣಕ್ಷರದಾಗ,
‘ಆರು’ ಅಂತ.

ಸೋಮವಾರ ಮೀಟಿಂಗ್. ನನ್ನ ಕುರ್ಚಿಗೆ ಬಂದ ಹುಡುಗ
ಶ್ರೇಣಿಕ, ಕಣ್ಣು ಹೊಳಿಸಿಕೋತ,
ಹದಿನೈದನೇ ಆಯ್ಕೆ ತೋರಿಸಿದ.
ಚಂದ ಇತ್ತು. ನಾ ಆಗಿದ್ರೂ ಹಂಗ ಬರೀತಿದ್ದೆ.
ಬ್ಯಾಡ, ಅಂದೆ.
ಅವನ ಮಾರಿ ನೋಡಬಾರದಿತ್ತು, ನೋಡಿದೆ.

ತವನಪ್ಪ ಕಾಕಾಗ ಹೋಗಿ ಕೇಳಿದೆ,
ಕಾಳು ಸುರಿಯೋ ಬಾಯಿಗೆ ಅಳ್ಳಾಡೋ ತಾಟ ಆಗತೈತೇನು?
‘ಆಗತೈತಿ. ಅಳತಿ?’
ಗೊತ್ತಿಲ್ಲ. ನೀನ ಒಂದ ಸಲ ಬಾ, ನೋಡು.
ಅವ ನಕ್ಕ: ‘ಹೇಳಾಕಿ ಅಂದಿದ್ದಿ, ಕೇಳಾಕತ್ತೀಯಲ್ಲ.’

ಮತ್ತ, ನಿಂದರಸೂ ಬಟನ್ನು ಕೆಂಪ ಇರಲಿ ಕಾಕಾ,
ಹಸ್ತ ಇಟ್ಟ ಒತ್ತುವಷ್ಟು ದೊಡ್ಡದಿರಲಿ.

ಉಪಾಧ್ಯೆ ಸರ್ ಕಾಗದ ತಿರುವಿ, ಅಂಚಿಗೆ ಬೆರಳಿಟ್ಟು,
‘ಇದೇನು ಆರು?’ ಅಂದ್ರು.
ಅದನ್ನ ಮೊದಲ ಮಾತಾಡೂಣ ಸರ್, ಅಂದೆ.
ಫ್ಯಾನು ತಿರಗತಿತ್ತು.
ಹಾಳಿಗೆ ಇನ್ನೂ ಗಂಧಕದ ವಾಸನಿ.