ಕೇಬಲ್ ಇಲ್ಲದ ಕಾರ್ಡು

ಗೋಣಿಕೊಪ್ಪ. ಕರಿಮೆಣಸಿನ ಮಂಡಿಯ ಮೇಲಿನ ಮಹಡಿ.
ಒಂಬತ್ತಕ್ಕೆ ಬಾಗಿಲು ತೆಗೆದರೆ ಮೊದಲು ಸೀನು,
ಆಮೇಲೆ ಕಂಪ್ಯೂಟರು.
ನಕ್ಷೆಯ ಸಾಫ್ಟ್‌ವೇರು ಏಳುವ ಮುಂಚೆ
ಅಡಾಪ್ಟರುಗಳ ಕಿಟಕಿ ತೆರೆದು
ಒಬ್ಬೊಬ್ಬರನ್ನೇ ಮಲಗಿಸಬೇಕು ನಾನು.

ವೈಫೈ ಡಾಂಗಲ್, ಡಿಸೇಬಲ್.
ಯಾರೂ ಮುಟ್ಟದ ಬ್ಲೂಟೂತ್, ಡಿಸೇಬಲ್.
ತೆರಿಗೆ ಫೈಲಿಗೆಂದು ಯಾರೋ ಹಾಕಿಸಿದ ವಿಪಿಎನ್ ಕಾರ್ಡು,
ತಾಮ್ರವಿಲ್ಲ, ತಗಡಿಲ್ಲ, ಬರೀ ಹೆಸರು, ಅದೂ.
ಬೂದುಬಣ್ಣಕ್ಕೆ ತಿರುಗುತ್ತವೆ ಒಂದೊಂದಾಗಿ.
ಉಳಿಯುವುದು ಎತರ್ನೆಟ್ ಮಾತ್ರ,
ಮೂತಿಯ ಮೇಲೆ ಕೆಂಪು ಇಂಟು ಗುರುತು:
ಕೇಬಲ್ ಸಿಕ್ಕಿಸಿಲ್ಲ.

ಸಿಕ್ಕಿಸಿಯೂ ಪ್ರಯೋಜನವಿಲ್ಲ.
ಹೋದ ಮೇ ತಿಂಗಳ ಸಿಡಿಲಿಗೆ ಅದರ ಬಾಯಿ ಸುಟ್ಟಿದೆ.
ಒಂದಕ್ಷರ ಒಳಗೆ ತರಲಾರದು, ಹೊರಗೆ ಕಳಿಸಲಾರದು.
ಆದರೆ ಲೈಸೆನ್ಸು ಇರುವುದು ಅದರ ಹೆಸರಿಗೆ,
ಹನ್ನೆರಡು ಅಕ್ಷರ, ಎರಡೆರಡರ ಆರು ಜೋಡಿ.
ಸಾಫ್ಟ್‌ವೇರು ಬಂದು
ಸಾಲಿನಲ್ಲಿ ಮೊದಲು ಕಂಡವರನ್ನು ಕೇಳುತ್ತದೆ.
ಎರಡನೆಯವರನ್ನು ಕೇಳುವ ತಾಳ್ಮೆ ಅದಕ್ಕಿಲ್ಲ.
ಡಾಂಗಲ್ ಎದ್ದು ನಿಂತಿದ್ದರೆ
ದಿನವಿಡೀ ದುಡಿಯುವುದು ಅದೇ ಆದರೂ
ಮುಖದ ಮೇಲೆ ಬಾಗಿಲು.

ಮೆಟ್ರಿಕ್ ಒಂದು ಎಂದು ಬರೆದು ನೋಡಿದೆ.
ಎರಡು ದಿನ ಮಾತು ಕೇಳಿತು. ಅಪ್‌ಡೇಟ್ ಬಂತು, ಮರೆಯಿತು.
ಕೊಯಮತ್ತೂರಿಗೆ ಫೋನು ಮಾಡಿದರೆ
ಹೊಸ ಕಾರ್ಡಿಗೆ ಹೊಸ ಲೈಸೆನ್ಸು, ಮೂವತ್ತೆಂಟು ಸಾವಿರ.
ಬೆಳ್ಯಪ್ಪ ಸರ್ ಕನ್ನಡಕ ಒರೆಸಿಕೊಂಡರು:
'ದಿನಾ ಎರಡು ನಿಮಿಷ ತಾನೇ, ಪವಳಾ?'

ಈ ಸೀಮೆಯಲ್ಲಿ ಹೆಸರು ಆಮೇಲೆ.
ಮೊದಲು, ಯಾವ ಮನೆ?
ಗಡಿ ಅಳೆಸಲು ಬಂದವರು ಕುರ್ಚಿ ಎಳೆದುಕೊಳ್ಳುತ್ತ ಕೇಳುತ್ತಾರೆ.
ಪಾಲಿಬೆಟ್ಟದಾಚೆ, ಎಸ್ಟೇಟ್ ಲೈನು, ಬಿ ಸಾಲು, ಹನ್ನೊಂದು.
ಬಾಗಿಲ ಮೇಲೆ ಟಾರಿನಲ್ಲಿ ಬರೆದಿತ್ತು.
ಅಮ್ಮನ ಕೂಲಿ ಬಿ-ಹನ್ನೊಂದಕ್ಕೆ,
ನನ್ನ ಚುಚ್ಚುಮದ್ದು ಬಿ-ಹನ್ನೊಂದಕ್ಕೆ.
ಹೇಳಿದರೆ 'ಓ' ಎನ್ನುತ್ತಾರೆ.
ಗಿಡ್ಡ ಓ.

ಸರ್ ಮಂಡಿ ಬದಲಿಸಿಕೊಂಡು ಎರಡು ವರ್ಷ.
ಇಳಿಜಾರು ಹತ್ತುವುದು ನಾನು ಮತ್ತು ಚಾತ.
ಹೆಗಲ ಮೇಲೆ ಮುಕ್ಕಾಲಿ ನನ್ನದು, ಪ್ರಿಸಂ ಕೋಲು ಅವನದು.
ಲಂಟಾನದೊಳಗೆ ನುಗ್ಗಿ
ಯಾವ ದಾಖಲೆಯೂ ಕಾಣದ ಕಲ್ಲನ್ನು ಕಾಲಬೆರಳಿನಿಂದ ಹುಡುಕುತ್ತಾನೆ.
ಸಂಜೆ ನಕ್ಷೆ ಹೊರಬರುತ್ತದೆ,
ಬಲಗಡೆ ಕೆಳಗೆ, ಪರವಾನಗಿ ಪಡೆದ ಭೂಮಾಪಕರು:
ಸರ್ ನಂಬರು, ಸರ್ ಸಹಿ.
ಚಂದದ ಸಹಿ. ನಿಧಾನ ಹಾಕುತ್ತಾರೆ.

ಮೊನ್ನೆ ಬಿಸಿಲಲ್ಲಿ, ಕಾಫಿ ಹರಡಿದ ಕಣದಂಚಿಗೆ ನಿಂತಿದ್ದಾಗ ಫೋನು:
'ಪವಳಾ, ನಾನೇ ಮಾಡೋಣ ಅಂತ ಕೂತೆ.
ಎಲ್ಲಾ ಮಲಗಿಬಿಟ್ಟವಲ್ಲ!'
ಎತರ್ನೆಟ್ಟನ್ನೂ ಮಲಗಿಸಿದ್ದರು.
ರೈಟ್ ಕ್ಲಿಕ್ ಮಾಡಿ ಸರ್, ಎನೇಬಲ್. ಕೆಂಪು ಇಂಟು ಇರಲಿ, ಅದು ಹಾಗೇ.
'ಇದೇನಾ ಖಾತ್ರಿ?'
ಓದಿ ಸರ್, ಎಂದೆ. ಅವರು ಓದುವ ಮುಂಚೆಯೇ
ಹನ್ನೆರಡೂ ನನ್ನ ಬಾಯಿಂದ ಉದುರಿದವು,
ಕಾಫಿ ಕೆದಕುತ್ತಿದ್ದ ಹೆಂಗಸರು ತಿರುಗಿ ನೋಡಿದರು.

ಚಾತ ಕೋಲಿಗೆ ಒರಗಿಕೊಂಡು ಕೇಳಿದ,
'ಅದ್ಯಾರ ಮನೆ ನಂಬರಕ್ಕಾ?'
ಯಾರೂ ಇಲ್ಲ ಅಲ್ಲಿ, ಎಂದೆ.
'ಮತ್ತೆ ಬಾಯಿಪಾಠ ಯಾಕೆ?'
ನಗು ಬಂತು. ಉತ್ತರ ಬರಲಿಲ್ಲ.

ಅವನು ಕೋಲನ್ನು ಕಲ್ಲಿನ ನೆತ್ತಿಗೆ ಊರಿದ.
ಗುಳ್ಳೆ ಅತ್ತಿತ್ತ ಓಡಾಡಿ ನಡುವಿಗೆ ಬಂದು ಕೂತಿತು.
'ಹೂಂ' ಎಂದ. ಬಿಂದು ನೂರಾ ಹದಿನಾಲ್ಕು.
ಯಂತ್ರದಲ್ಲಿ ಕೋಡ್ ಎಂಬ ಖಾನೆಯಿದೆ,
ಬೇಲಿ, ತೋಡು, ಮರ, ಏನಾದರೂ ಬರೆಯಬಹುದು.
ಚಾತ, ಎಂದು ಒತ್ತಿದೆ.
ನಕ್ಷೆಯಲ್ಲಿ ಅಚ್ಚಾಗುವುದಿಲ್ಲ ಅದು.
ಫೈಲಿನಲ್ಲಿ ಇರುತ್ತದೆ.

ಸಂಜೆ ಡಾಂಗಲನ್ನು ಎಬ್ಬಿಸಿ
ಫೈಲು ಕಳಿಸಿದೆ.