ಎರಡನೆಯ ಟೆನರ್

ಇದ್ದವರು ಐವರು, ಐವರೂ ಗಂಡಸರು.
ಭಾನುವಾರ ದೋಣಿಗಳು ಕಡಲಿಗಿಳಿಯುವುದಿಲ್ಲ, ಇಲ್ಲಿಯ ಪದ್ಧತಿ.
ಶನಿವಾರದ ಮೀನು ಮಾತ್ರ ಕಾಯುವುದಿಲ್ಲ.
ಹೆಂಗಸರೆಲ್ಲ ರಬ್ಬರ್ ಬೂಟು ಹಾಕಿ
ಕೊಯ್ಯುವ ಪಾಳಿಗೆ ಹೋಗುತ್ತಾರೆ.
ಜನವರಿಯಿಂದ ಈಸ್ಟರಿನ ತನಕ
ಸ್ಟೈನ್‌ವೊಗ್‌ನ ಚರ್ಚಿನಲ್ಲಿ ಮೇಲಿನ ದನಿಯಿಲ್ಲ.

ನಮ್ಮ ಕಪಾಟಿನ ಹಾಳೆಗಳೆಲ್ಲ ನಾಲ್ಕು ದನಿಯವು:
ಎರಡು ಅವರಿಗೆ, ಎರಡು ಇವರಿಗೆ.
ಮೇಲಿನೆರಡು ತೆಗೆದರೆ
ಮಾಡು ಹಾರಿಹೋದ ಮನೆ.
ಗೋಡೆ ಗಟ್ಟಿಯೇ. ಒಳಗೆ ಹಿಮ ಬೀಳುತ್ತದೆ.

"ರಾಗವನ್ನೇ ಕೆಳಗಿಳಿಸಿ ಹಾಡಿಸು ಯೊರುನ್" ಎಂದರು ಪಾದ್ರಿ.
ಹಾಡಿಸಿದೆ.
ಕತ್ತಲ ದೋಣಿಮನೆಯಲ್ಲಿ ಐವರು ಬಗ್ಗಿ
ಬಿದ್ದ ನಾಣ್ಯ ತಡಕಾಡಿದ ಹಾಗಿತ್ತು.

ಆರ್ಗನ್ನಿನ ಮಣೆಯಡಿ ಹುಡುಕಿದೆ,
ಮೋಂಬತ್ತಿಯ ಮೋಟುಗಳ ಕೆಳಗೆ ಹುಡುಕಿದೆ.
ಫೆರಿ ಹತ್ತಿ ಪಕ್ಕದ ದ್ವೀಪಕ್ಕೆ ಹೋದೆ.
ಗಂಡಸರ ಹಾಡೇ? ಇವೆಯಲ್ಲ, ಎಂದು ಒಂದು ಕಟ್ಟು ಕೊಟ್ಟರು:
ತಾಯ್ನಾಡಿನವು, ಬಿಯರಿನವು,
ಬರ್ಚ್ ಮರದಡಿ ಕಾಯುವ ಹುಡುಗಿಯವು.
ದೇವರ ಮುಂದೆ ನಿಲ್ಲಿಸಲು ಒಂದೂ ಇಲ್ಲ.
ಪಟ್ಟಣದಿಂದ ತರಿಸಿದ್ದು ಎಂಬತ್ತು ಕಂಠಗಳಿಗೆ ಬರೆದದ್ದು.
ಅದರ ತುತ್ತತುದಿಯ ಸ್ವರವನ್ನು
ಅರವತ್ತೆಂಟರ ಹಾಲ್ವರ್
ಏಣಿಯಿಲ್ಲದ ಅಟ್ಟವನ್ನು ನೋಡುವಂತೆ ನೋಡಿದ.

ಕೊನೆಗೆ ಸಿಕ್ಕಿದ್ದು ಸತ್ತ ಉಪದೇಶಿಯ ಷೆಡ್ಡಿನಲ್ಲಿ,
ಬಲೆ ನೇಯುವ ಸೂಜಿಗಳ ಡಬ್ಬದಲ್ಲಿ.
ನೂರ ಮೂವತ್ತನೆಯ ಕೀರ್ತನೆ, ಆಳದಿಂದ ಕೂಗುವುದು,
ಕೈಬರಹ, ಬರೆದವನ ಹೆಸರಿಲ್ಲ.
ಮೊದಲ ಟೆನರ್ ಇತ್ತು, ಎರಡು ಬೇಸ್ ಇದ್ದವು.
ಎರಡನೆಯ ಟೆನರ್ ಇರಲಿಲ್ಲ.
ಮೂರೂ ಹಾಳೆ ಸೇರಿಸಿ ಹಾಡಿದರೆ
ನಡುವೆ ಯಾರೋ ಎದ್ದುಹೋದ ಕುರ್ಚಿ ಕೇಳಿಸುತ್ತಿತ್ತು.

ನಾನೇ ಬರೆಯಬಹುದಿತ್ತು. ಮೂರು ಸಂಜೆ ಬರೆದೆ.
ಎಲ್ಲೂ ತಪ್ಪಿರಲಿಲ್ಲ.
ಅದಾಗಿರಲಿಲ್ಲ, ಅಷ್ಟೆ.

"ಎಯ್ಲರ್ಟ್ ಹಾಡುತ್ತಿದ್ದ ಅದನ್ನು" ಎಂದಳು ಉಪದೇಶಿಯ ಹೆಂಡತಿ.
ಎಯ್ಲರ್ಟನಿಗೆ ತೊಂಬತ್ತೊಂದು, ವೃದ್ಧರ ಮನೆಯಲ್ಲಿದ್ದಾನೆ,
ಮಗಳನ್ನು ದೋಣಿಯ ಹೆಸರಿಟ್ಟು ಕರೆಯುತ್ತಾನೆ.
ಮೊದಲ ಟೆನರನ್ನು ಅವನೆದುರು ಹಾಡಿದೆ. ವಾಫಲ್ ತಿಂದ.
ಮತ್ತೆ ಹಾಡಿದೆ. ಜಾಮ್ ಕೇಳಿದ.
ಹೊರಡುವಾಗ ನನ್ನ ತೋಳು ಹಿಡಿದು ಹೇಳಿದ,
"ಎಲ್ಲಿ ನಿಲ್ಲಲಿ ನಾನು? ಕೆಳಗೆ ಯಾರೂ ಇಲ್ಲವಲ್ಲ."

ಮುಂದಿನ ಗುರುವಾರ ಟೊರ್ಮೊದ್‌ನನ್ನು
ಅವನ ಮೀನಿನ ಲಾರಿಯಿಂದಲೇ ಎಳೆದುತಂದೆ.
ಲಿವರ್ ಎಣ್ಣೆಯ ವಾಸನೆಗೆ ನರ್ಸ್ ಕಿಟಕಿ ತೆರೆದಳು.
ಟೊರ್ಮೊದ್ ಕೆಳಗಿನ ಸ್ವರ ಹಿಡಿದ, ಹಾಲ್ವರ್ ಮೇಲಿನದು.
ಎಯ್ಲರ್ಟ್ ಹೊರಗೆ ನೋಡುತ್ತ ಕುಳಿತಿದ್ದ.
ಮೂರನೆಯ ಸಾಲಿನ ಅರ್ಧದಲ್ಲಿ,
ಬಾಗಿಲು ತಟ್ಟದೆ ಮನೆಯವರು ಬರುವಂತೆ, ಬಂದ.

ಅದನ್ನು ರಾಗ ಎನ್ನಲಾಗದು.
ನಾಲ್ಕೇ ಸ್ವರ; ತಡವಾದ ದೋಣಿಗೆ ಕಾಯುವವರು
ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ
ನಡೆದಾಡುವಷ್ಟು ಜಾಗ.
ಕಾವಲುಗಾರರು ಬೆಳಗಿಗೆ ಕಾಯುವ ಮಾತು ಬಂದಲ್ಲಿ
ಅರ್ಧ ಸ್ವರ ಕೆಳಗಿಳಿದ.
ನಾನಾಗಿದ್ದರೆ ಅಲ್ಲಿಗೆ ಕಾಲಿಡುತ್ತಿರಲಿಲ್ಲ.
ಮರೆವೋ? ಇನ್ನೊಮ್ಮೆ ಹಾಡಿಸಿದೆ:
ಅದೇ ಜಾಗ, ಅದೇ ಇಳಿತ.
ಮತ್ತೊಮ್ಮೆ ಎಂದಾಗ, "ಸಾಕು, ಕಾಫಿ ಬರಲಿ" ಎಂದ.

ಶುಭ ಶುಕ್ರವಾರ ಅದನ್ನು ಹಾಡಿದವನು ಕೆಸ್ತುತಿಸ್,
ರಾತ್ರಿ ಮಂಜುಗಡ್ಡೆಯ ಯಂತ್ರ ನೋಡಿಕೊಳ್ಳುವ ಲಿಥುವೇನಿಯದವ.
ನಮ್ಮ ಭಾಷೆ ಅರ್ಧ ಬರುತ್ತದೆ, ಸ್ವರಲಿಪಿ ಪೂರ್ತಿ.
ಪಾಳಿ ಮುಗಿಸಿದ ಹೆಂಗಸರು ಏಪ್ರನ್ನಿನಲ್ಲೇ
ಬಾಗಿಲ ಬಳಿ ನಿಂತಿದ್ದರು.
ಆಮೇಲೆ ಒಬ್ಬಳು ಕೇಳಿದಳು:
ಮಧ್ಯೆ ಯಾರೋ ತಪ್ಪಿದರಲ್ಲವೇ, ಬೆಳಗಿನ ಹತ್ತಿರ?
ಹೌದು, ಎಂದೆ, ತಪ್ಪಲು ಹತ್ತು ದಿನ ಅಭ್ಯಾಸ ಮಾಡಿದ್ದೇವೆ.

ಈಗ ಡಬ್ಬದಲ್ಲಿ ನಾಲ್ಕು ಹಾಳೆ.
ನಾಲ್ಕನೆಯದು ನನ್ನ ಪೆನ್ಸಿಲಿನದು.
ತಿರುಗಿಸಿದರೆ ವೃದ್ಧರ ಮನೆಯ ಗುರುವಾರದ ಊಟ:
ಬೇಯಿಸಿದ ಆಲೂಗಡ್ಡೆ, ಕಾಡ್ ಮೀನು, ಕ್ಯಾರೆಟ್,
ಬೇಕಾದವರಿಗೆ ವಾಫಲ್.